ಗೆಳೆಯರಿಗೆ ಮೊದಲ ಕಪ್ಪು-ಬಿಳುಪು ಕನ್ನಡ ಚಿತ್ರ: ಆಯ್ಕೆಯಿಂದ ಟಿವಿ ಸೆಟ್ಟಿಂಗ್‌ವರೆಗೆ

ಹಳೆಯ ಚಿತ್ರಗಳ ಹುಚ್ಚು ಹತ್ತಿದವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ತಮಗೆ ಅತಿ ಪ್ರಿಯವಾದ, ಪ್ರಶಸ್ತಿ ಬಂದ, ಎಲ್ಲರೂ ಹೊಗಳಿದ ಚಿತ್ರವನ್ನೇ ಮೊದಲ ದಿನ ಸ್ನೇಹಿತರ ಮುಂದೆ ಇಡುತ್ತಾರೆ. ಅದೂ ಯೂಟ್ಯೂಬ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಪ್ರತಿ, ಟಿವಿಯ ತುಂಬ ಎಳೆದು ಹಿಗ್ಗಿಸಿದ ಮುಖಗಳು, ಹತ್ತು ನಿಮಿಷಕ್ಕೊಂದು ಜಾಹೀರಾತು. ಇಪ್ಪತ್ತನೇ ನಿಮಿಷಕ್ಕೆ ಸ್ನೇಹಿತರ ಕೈಗೆ ಮೊಬೈಲ್ ಬಂದಿರುತ್ತದೆ. "ಚೆನ್ನಾಗಿದೆ, ಆದ್ರೆ ತುಂಬಾ ನಿಧಾನ" ಎಂದು ಎದ್ದು ಹೋದವರು ಮತ್ತೆ ಹತ್ತು ವರ್ಷ ಕಪ್ಪು-ಬಿಳುಪು ಚಿತ್ರದ ಹತ್ತಿರ ಸುಳಿಯುವುದಿಲ್ಲ.

ಛಾಯಾಗ್ರಾಹಕ ಒಂದೊಂದು ದೀಪವನ್ನೂ ಅಳೆದು ಇಟ್ಟು ತೆಗೆದ ಚಿತ್ರವನ್ನು ಅವರು ಕಂಡೇ ಇಲ್ಲ ಎಂಬುದು ಇಲ್ಲಿನ ನಿಜವಾದ ನಷ್ಟ. ತಪ್ಪಿಸುವುದು ಕಷ್ಟವೇನಲ್ಲ. ಹಿಂದಿನ ದಿನ ಒಂದು ಗಂಟೆ ಕೂತು ಸಿದ್ಧತೆ ಮಾಡಿಕೊಂಡರೆ ಸಾಕು. ಕೆಳಗಿನ ಕ್ರಮ ಕನ್ನಡದ ಕಪ್ಪು-ಬಿಳುಪು ಚಿತ್ರಗಳಿಗೆ ಸಂಬಂಧಿಸಿದ್ದು. ಟಿವಿ ಮತ್ತು ಧ್ವನಿಯ ವಿಷಯ ಮಾತ್ರ ಯಾವ ಭಾಷೆಯ ಹಳೆಯ ಚಿತ್ರಕ್ಕೂ ಹೊಂದುತ್ತದೆ.

ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಚಿತ್ರ

ಸ್ನೇಹಿತರು ಈಗ ಏನು ನೋಡುತ್ತಾರೆ, ಏನು ಓದುತ್ತಾರೆ ಎಂಬುದರ ಮೇಲೆ ಮೊದಲ ಚಿತ್ರ ನಿರ್ಧಾರವಾಗಬೇಕು. ಚಿತ್ರದ ಇತಿಹಾಸಕ್ಕೆ ಇಲ್ಲಿ ಜಾಗವಿಲ್ಲ. ‘ಮೊದಲ ವಾಕ್ಚಿತ್ರದಿಂದ ಶುರು ಮಾಡೋಣ’ ಎಂಬ ಯೋಚನೆಯಂತೂ ಬೇಡವೇ ಬೇಡ. 1934ರ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ. 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ನಿಜ, ಆದರೆ ಅದರ ನಡಿಗೆ ಕಂಪನಿ ನಾಟಕದ್ದು. ಆ ನಡಿಗೆಗೆ ಕಿವಿ-ಕಣ್ಣು ಒಗ್ಗಿದ ಮೇಲೆ ಅದರ ರುಚಿ ತಿಳಿಯುತ್ತದೆ, ಮೊದಲ ದಿನವಲ್ಲ.

ಹಳೆಯ ಹಾಡು ಗೊತ್ತು, ಚಿತ್ರ ಗೊತ್ತಿಲ್ಲ ಎನ್ನುವವರೇ ಹೆಚ್ಚು. ಅವರಿಗೆ 1974ರ ‘ಸಂಪತ್ತಿಗೆ ಸವಾಲ್’ ಒಳ್ಳೆಯ ಬಾಗಿಲು. ಎಮ್ಮೆಯ ಮೇಲೆ ಕೂತ ರಾಜ್‌ಕುಮಾರ್ ‘ಯಾರೇ ಕೂಗಾಡಲಿ’ ಎಂದು ಸ್ವತಃ ಹಾಡುವ ದೃಶ್ಯವನ್ನು ಮೊಬೈಲಿನಲ್ಲಾದರೂ ಕಂಡಿರದ ಕನ್ನಡಿಗರು ಕಡಿಮೆ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಅವರಿಗೆ ಬಹುತೇಕ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಈ ಹಾಡಿನಿಂದ ರಾಜ್‌ಕುಮಾರ್ ತಮ್ಮ ಹಾಡನ್ನು ತಾವೇ ಹೇಳುವ ರೂಢಿ ಗಟ್ಟಿಯಾಯಿತು. ರಂಗಭೂಮಿಯ ನಾಟಕದಿಂದ ಬಂದ ಕಥೆಯಾದರೂ ಮಾತು ಹಳ್ಳಿಯದು, ಓಟ ಚುರುಕು, ವಜ್ರಮುನಿಯ ಖಳ ಬೇರೆ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡಿ: ಸೊಕ್ಕಿನ ಸಾಹುಕಾರನ ಮಗಳನ್ನು ‘ದಾರಿಗೆ ತರುವ’ ಕಥೆ ಅದು, ಹೆಣ್ಣಿನ ಬಗ್ಗೆ ಆಡುವ ಮಾತುಗಳು ಇಂದಿನ ಕಿವಿಗೆ ಚುಚ್ಚುತ್ತವೆ. ಮುಂಚೆ ಹೇಳಿದ್ದರೆ ಸ್ನೇಹಿತರು ಅದನ್ನೂ ಗಮನಿಸುತ್ತಾ ನೋಡುತ್ತಾರೆ. ಹೇಳದಿದ್ದರೆ ಅಲ್ಲಿಗೇ ಮನಸ್ಸು ಮುರಿಯುತ್ತದೆ.

ಪತ್ತೇದಾರಿ ಸೀರೀಸ್ ಬಿಟ್ಟು ಬೇರೇನೂ ನೋಡದವರಿಗೆ ‘ಜೇಡರ ಬಲೆ’ (1968). ದೊರೈ-ಭಗವಾನ್ ಜೋಡಿಯ ಈ ಚಿತ್ರದಲ್ಲಿ ರಾಜ್‌ಕುಮಾರ್ ಗೂಢಚಾರ ಸಿಐಡಿ 999. ಹಿಡಿಸಿದರೆ ಅದೇ ಪಾತ್ರದ ‘ಗೋವಾದಲ್ಲಿ ಸಿಐಡಿ 999’ ಮತ್ತು ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಸಾಲಿನಲ್ಲಿ ನಿಂತಿವೆ.

ಕಾದಂಬರಿ ಓದುವವರಿಗೆ ಎರಡನೇ ಯೋಚನೆ ಬೇಡ, ‘ಬೆಳ್ಳಿ ಮೋಡ’ (1967) ಹಾಕಿ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಮತ್ತು ಕಲ್ಯಾಣ್‌ಕುಮಾರ್. ಬೇಂದ್ರೆಯವರು ‘ಮೂಡಲ ಮನೆಯ’ ಪದ್ಯದಲ್ಲಿ ಬೆಳಗನ್ನು ಮುತ್ತಿನ ನೀರಿನ ಎರಕ ಎಂದು ಕರೆದಿದ್ದಾರಲ್ಲ, ವಿಜಯಭಾಸ್ಕರ್ ರಾಗದಲ್ಲಿ ಆ ಪದ್ಯ ಈ ಚಿತ್ರದಲ್ಲಿ ಬರುತ್ತದೆ. ಮುತ್ತಿನ ಹೊಳಪು ಕಾಣಿಸುವುದಕ್ಕೆ ಕಪ್ಪು-ಬಿಳುಪಿಗಿಂತ ಒಳ್ಳೆಯ ಮಾಧ್ಯಮ ಯಾವುದು? ಬಣ್ಣ ಇಲ್ಲ ಎಂಬ ಕೊರಗು ಸ್ನೇಹಿತರಿಗಿದ್ದರೆ ಮೊದಲು ಈ ಹಾಡನ್ನಷ್ಟೇ ತೋರಿಸಿ, ಆಮೇಲೆ ಚಿತ್ರಕ್ಕೆ ಕೂರಿಸಿ. ಕಥೆಯನ್ನು ಮಾತ್ರ ಹೇಳಬೇಡಿ. ಕೊನೆಯಲ್ಲಿ ನಾಯಕಿ ತೆಗೆದುಕೊಳ್ಳುವ ತೀರ್ಮಾನ ತಿಳಿಯದೆ ನೋಡುವ ಭಾಗ್ಯ ಒಮ್ಮೆಯೇ ಸಿಗುವುದು.

ಕಣ್ಣೀರು ಬರಿಸುವ ಕೌಟುಂಬಿಕ ಚಿತ್ರ ಇಷ್ಟಪಡುವವರಿಗೆ ‘ಕಸ್ತೂರಿ ನಿವಾಸ’ (1971). ಇದರ ಬಣ್ಣದ ಪ್ರತಿಯ ವಿಷಯ ಮುಂದೆ ಬರುತ್ತದೆ.

ಬೇರೆ ದೇಶಗಳ ಚಿತ್ರ ನೋಡುವ, ಚಿತ್ರೋತ್ಸವಕ್ಕೆ ಹೋಗುವ ಅಭ್ಯಾಸವಿದ್ದವರಿಗೆ ಮೇಲಿನ ಯಾವುದೂ ಮೊದಲು ಬೇಡ. ಅವರನ್ನು ನೇರವಾಗಿ ‘ಘಟಶ್ರಾದ್ಧ’ಕ್ಕೆ (1977) ಕರೆದೊಯ್ಯಿರಿ. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಲ್ಲಿ ಯಮುನಕ್ಕನ ಬದುಕು ಕಾಣುತ್ತದೆ. ಹಾಡಿಲ್ಲ, ಹಾಸ್ಯದ ಉಪಕಥೆ ಇಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿದ್ದು, 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಆ ಪ್ರತಿ ನಿಮ್ಮ ಊರಿನ ಫಿಲ್ಮ್ ಸೊಸೈಟಿಯಲ್ಲೋ ಚಿತ್ರೋತ್ಸವದಲ್ಲೋ ಬಂದರೆ ಮನೆಯ ಟಿವಿಯ ಯೋಜನೆ ಕೈಬಿಟ್ಟು ಅಲ್ಲಿಗೇ ಹೋಗಿ.

ಎರಡೂವರೆ ಗಂಟೆ ಕೂರುವ ತಾಳ್ಮೆಯೇ ಇಲ್ಲದವರಿಗೆ ಕನ್ನಡದಿಂದ ಶುರು ಮಾಡಲೇಬೇಕೆಂಬ ಹಟ ಬೇಡ. ‘12 ಆ್ಯಂಗ್ರಿ ಮೆನ್’ (1957) 96 ನಿಮಿಷ. ಒಂದು ಕೋಣೆ, ಹನ್ನೆರಡು ಜನ ಪಂಚರು, ಒಬ್ಬ ಹುಡುಗನ ಪ್ರಾಣ. ಬಣ್ಣ ಇಲ್ಲ ಎಂಬುದು ಹತ್ತನೇ ನಿಮಿಷಕ್ಕೆ ಮರೆತೇ ಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಾದರೆ ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936), 87 ನಿಮಿಷ, ಭಾಷೆಯ ತೊಡಕೂ ಇಲ್ಲ.

ಪ್ರತಿಯನ್ನು ಪರೀಕ್ಷಿಸಿ

ಒಂದೇ ಚಿತ್ರದ ನಾಲ್ಕೈದು ಪ್ರತಿಗಳು ಅಂತರ್ಜಾಲದಲ್ಲಿ ಇರುತ್ತವೆ. ವೀಕ್ಷಣೆಯ ಲೆಕ್ಕ ನೋಡಿ ಆರಿಸಬೇಡಿ. ಹಕ್ಕು ಹೊಂದಿದ ಕಂಪನಿಯ ಅಧಿಕೃತ ಚಾನೆಲ್ಲಿನ ಪ್ರತಿ, ಓಟಿಟಿಯಲ್ಲಿದ್ದರೆ ಅಲ್ಲಿನ ಪ್ರತಿ, ಹಳೆಯ ಡಿವಿಡಿ ಸಿಕ್ಕರೆ ಅದು, ಹೀಗೆ ಮೂರನ್ನೂ ಐದೈದು ನಿಮಿಷ ಪಕ್ಕಪಕ್ಕದಲ್ಲಿ ನೋಡಿ. ಪರೀಕ್ಷಿಸುವುದು ಹೀಗೆ.

ಅವಧಿ. ಚಿತ್ರದ ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ ಬರುತ್ತದೆಯಲ್ಲ, ಅಲ್ಲೇ ವಿಡಿಯೊ ನಿಲ್ಲಿಸಿ. ರೀಲುಗಳ ಸಂಖ್ಯೆಯೂ ಚಿತ್ರದ ಉದ್ದವೂ ಅದರಲ್ಲಿ ಇರುತ್ತವೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟಿನಂತೆ (ಫ್ರೇಮ್) ಓಡಿದರೆ ಒಂದು ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಆಗುತ್ತದೆ. ಹಾಗಾಗಿ ಮೀಟರ್‌ನಲ್ಲಿ ಇದ್ದರೆ 27.4ರಿಂದ, ಅಡಿಯಲ್ಲಿ ಇದ್ದರೆ 90ರಿಂದ ಭಾಗಿಸಿ. 4,200 ಮೀಟರ್ ಎಂದಿದ್ದರೆ ಮೂಲ ಚಿತ್ರ ಸುಮಾರು 153 ನಿಮಿಷ. ನಿಮ್ಮ ಕೈಯಲ್ಲಿರುವ ಪ್ರತಿ 147 ನಿಮಿಷ ಇದ್ದರೆ ಗಾಬರಿ ಬೇಡ. ಹಳೆಯ ವಿಡಿಯೊ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು ಓಡುತ್ತಿದ್ದುದರಿಂದ ಶೇ 4ರಷ್ಟು ಸಮಯ ತಾನಾಗಿ ಕುಗ್ಗುತ್ತದೆ, ದನಿಯೂ ಕೂದಲೆಳೆಯಷ್ಟು ಕೀರಲಾಗುತ್ತದೆ. 130 ನಿಮಿಷ ಇದ್ದರೆ ಮಾತ್ರ ಯಾರೋ ಹಾಡನ್ನೋ ದೃಶ್ಯವನ್ನೋ ಕತ್ತರಿಸಿದ್ದಾರೆ ಎಂದೇ ಅರ್ಥ. ಆ ಪ್ರತಿ ಬಿಡಿ.

ಚೌಕಟ್ಟು. ಆ ಕಾಲದ ಬಹುಪಾಲು ಕನ್ನಡ ಚಿತ್ರಗಳ ಚೌಕಟ್ಟು ಹೆಚ್ಚೂಕಡಿಮೆ ಹಳೆಯ ಡಬ್ಬಿ ಟಿವಿಯ ಆಕಾರದ್ದು: ಎತ್ತರ 1 ಆದರೆ ಅಗಲ 1.37. ಇಂದಿನ ಟಿವಿಯ ಅಗಲ 1.78. ಈ ವ್ಯತ್ಯಾಸ ತುಂಬಿಸಲು ಚಿತ್ರ ಹಾಕಿದವರು ಎರಡು ಬಗೆಯ ಹಾನಿ ಮಾಡಿರುತ್ತಾರೆ. ಒಂದು, ಅಡ್ಡಕ್ಕೆ ಎಳೆದಿರುತ್ತಾರೆ. ಆಗ ಮುಖಗಳು ಶೇ 30ರಷ್ಟು ಅಗಲವಾಗುತ್ತವೆ. ಗುರುತಿಸಲು ನಾಯಕಿಯ ಹಣೆ ನೋಡಿ. ದುಂಡು ಕುಂಕುಮ ಮೊಟ್ಟೆಯಾಕಾರವಾಗಿದ್ದರೆ ಚಿತ್ರ ಎಳೆದದ್ದು. ಇನ್ನೊಂದು, ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಎತ್ತರದ ಕಾಲುಭಾಗದಷ್ಟು ಹೋಗಿಬಿಡುತ್ತದೆ. ಇದಕ್ಕೆ ಟೈಟಲ್ ಕಾರ್ಡ್ ನೋಡಿದರೆ ಸಾಕು. ಮೇಲಿನ ಸಾಲು ಅರ್ಧ, ಕೆಳಗಿನ ಹೆಸರು ಅರ್ಧ ಮಾತ್ರ ಕಾಣುತ್ತಿದ್ದರೆ ಮುಂದೆ ಎಲ್ಲರ ತಲೆ, ಕಾಲು, ಕುಣಿಯುವಾಗಿನ ಗೆಜ್ಜೆ ಎಲ್ಲವೂ ಹೋಗಿವೆ. ಎಳೆದದ್ದನ್ನು ಸರಿಪಡಿಸಬಹುದು, ಕತ್ತರಿಸಿದ್ದನ್ನು ಸರಿಪಡಿಸಲಾಗದು. ಎರಡು ಹಾಳು ಪ್ರತಿಗಳ ನಡುವೆ ಆರಿಸಲೇಬೇಕಾದರೆ ಎಳೆದದ್ದನ್ನೇ ಆರಿಸಿ.

ಎಡ ಬಲಗಳಲ್ಲಿ ಕಪ್ಪು ಪಟ್ಟಿ ಬರುವ ಪ್ರತಿಯೇ ಸರಿಯಾದದ್ದು. 43 ಇಂಚಿನ ಟಿವಿಯಲ್ಲಿ ಒಂದೊಂದು ಬದಿಗೆ ಸುಮಾರು 11 ಸೆಂಟಿಮೀಟರ್ ಕಪ್ಪು ಉಳಿಯುತ್ತದೆ. ‘ಟಿವಿ ಪೂರ್ತಿ ಬರ್ತಾ ಇಲ್ವಲ್ಲ’ ಎಂದು ಸ್ನೇಹಿತರು ಕೇಳಿಯೇ ಕೇಳುತ್ತಾರೆ. ಚಿತ್ರ ತೆಗೆದ ಆಕಾರವೇ ಇದು ಎಂದು ಒಂದು ಮಾತು ಹೇಳಿ ಮುಂದುವರಿಯಿರಿ.

ಉಳಿದದ್ದು: ಮುಖದ ಮೇಲೆ ಬಂದು ಕೂರುವ ಚಾನೆಲ್ ಮುದ್ರೆ, ಸಂಭಾಷಣೆಯ ನಡುವೆ ಓಡುವ ಫೋನ್ ನಂಬರಿನ ಪಟ್ಟಿ. ಇವು ಇದ್ದರೆ ಬೇರೆ ಪ್ರತಿ ಹುಡುಕಿ.

ಇನ್ನು ಬಣ್ಣ ತುಂಬಿದ ಪ್ರತಿಗಳು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಕಂಡವು. ಚಿತ್ರಮಂದಿರಕ್ಕೆ ಜನ ಬಂದರು, ಹೊಸ ತಲೆಮಾರು ನೋಡಿತು, ಅದು ದೊಡ್ಡ ಕೆಲಸವೇ. ಆದರೂ ಮೊದಲ ಸಲ ನೋಡುವವರಿಗೆ ಕಪ್ಪು-ಬಿಳುಪು ಪ್ರತಿಯನ್ನೇ ತೋರಿಸಿ. ಕಾರಣ ಭಾವುಕತೆಯದ್ದಲ್ಲ, ಬೆಳಕಿನದ್ದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಸೀರೆಯೂ ಹಸಿರು ಗೋಡೆಯೂ ಹತ್ತಿರ ಹತ್ತಿರ ಒಂದೇ ಬೂದು ಬಣ್ಣಕ್ಕೆ ಇಳಿಯಬಹುದು. ಅದಕ್ಕೇ ನಟರನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸಲು ಛಾಯಾಗ್ರಾಹಕರು ತಲೆಯ ಹಿಂದಿನಿಂದ ದೀಪ ಹಾಕುತ್ತಿದ್ದರು. ಕೂದಲಿನ ಅಂಚಿಗೆ ಬೆಳ್ಳಿಯ ಗೆರೆ ಮೂಡುವುದು ಅದರಿಂದಲೇ. ಅದರ ಮೇಲೆ ಬಣ್ಣ ಬಳಿದಾಗ ಗಾಢ ನೆರಳು ಕೆಸರಾಗುತ್ತದೆ, ಆ ಗೆರೆ ಕಾರಣವಿಲ್ಲದ ಹೊಳಪಾಗಿ ಉಳಿಯುತ್ತದೆ. ಅಗಲ ಪರದೆಗೆ ಹೊಂದಿಸಿದ ಪ್ರತಿಯಾದರೆ ಮೇಲೆ ಕೆಳಗಿನ ನಷ್ಟ ಬೇರೆ.

ಟಿವಿಯನ್ನು ಹದಕ್ಕೆ ತನ್ನಿ

ಹೆಚ್ಚಿನವರು ಮುಟ್ಟದೆ ಬಿಡುವ ಹಂತ ಇದು, ಫಲ ಕೊಡುವುದೂ ಇದೇ. ಅಂಗಡಿಯ ಟ್ಯೂಬ್‌ಲೈಟ್‌ನಲ್ಲಿ ಎದ್ದು ಕಾಣಲಿ ಎಂದು ಟಿವಿಗಳನ್ನು ಕಣ್ಣು ಕುಕ್ಕುವ ಹೊಳಪಿಗೆ ಇಟ್ಟು ಮಾರುತ್ತಾರೆ. ಮನೆಗೆ ಬಂದ ಮೇಲೂ ಹಾಗೇ ಇರುತ್ತದೆ.

ಪಿಕ್ಚರ್ ಮೋಡ್‌ನಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಇದ್ದರೆ ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಕಲರ್ ಟೆಂಪರೇಚರ್ ‘ವಾರ್ಮ್’ ಇರಲಿ. ‘ಕೂಲ್’ನಲ್ಲಿ ಬಿಳಿ ಬಟ್ಟೆ ನೀಲಿ ಹಾಕಿ ತೊಳೆದಂತೆ ಕಾಣುತ್ತದೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’ ಎಂದಿರುತ್ತದೆ. ಅದು ಎರಡು ಚೌಕಟ್ಟುಗಳ ನಡುವೆ ಇಲ್ಲದ ಚೌಕಟ್ಟನ್ನು ಹುಟ್ಟಿಸಿ 1967ರ ಚಿತ್ರವನ್ನು ಟಿವಿ ಧಾರಾವಾಹಿಯಂತೆ ಮಾಡಿಬಿಡುತ್ತದೆ. ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಸೊನ್ನೆಯ ಹತ್ತಿರಕ್ಕೆ ಇಳಿಸಿ, ಇಲ್ಲವಾದರೆ ಫಿಲ್ಮಿನ ಬೆಳ್ಳಿಯ ಕಣಗಳೆಲ್ಲ ಇರುವೆ ಮುತ್ತಿದಂತೆ ಎದ್ದು ಕಾಣುತ್ತವೆ. ನಾಯ್ಸ್ ರಿಡಕ್ಷನ್ ಬೇಡ, ಮುಖಗಳು ಮೇಣದ ಗೊಂಬೆಯಾಗುತ್ತವೆ.

ಆಮೇಲೆ ‘ಕಲರ್’ ಅಥವಾ ‘ಸ್ಯಾಚುರೇಶನ್’ ಎಂಬುದನ್ನು ಸೊನ್ನೆ ಮಾಡಿ. ಹಳೆಯ ಟೇಪಿನಿಂದ ಇಳಿಸಿದ ಪ್ರತಿಗಳಲ್ಲಿ ಅಲ್ಲಲ್ಲಿ ಹಸಿರು, ನೇರಳೆ ಛಾಯೆ ತೇಲುತ್ತಿರುತ್ತದೆ. ಮೂಲದಲ್ಲಿ ಇಲ್ಲದ ಆ ಬಣ್ಣ ಟೇಪಿನಿಂದ ಸೇರಿಕೊಂಡದ್ದು. ಈ ಒಂದೇ ಬದಲಾವಣೆಗೆ ಚಿತ್ರ ಶುದ್ಧ ಕಪ್ಪು-ಬಿಳುಪಾಗುತ್ತದೆ. ಹೊಲಸು ಪ್ರತಿಯೊಂದು ಎರಡು ಸೆಕೆಂಡಿನಲ್ಲಿ ಹತ್ತು ವರ್ಷ ಕಿರಿಯದಾದಂತೆ ಕಾಣುತ್ತದೆ.

ಇನ್ನು ಬ್ರೈಟ್‌ನೆಸ್, ಕಾಂಟ್ರಾಸ್ಟ್. ಇವಕ್ಕೆ ಅಂಕಿ ಹೇಳಿ ಪ್ರಯೋಜನವಿಲ್ಲ, ಒಂದೊಂದು ಟಿವಿಗೂ ಒಂದೊಂದು. ಚಿತ್ರದಲ್ಲೇ ಎರಡು ಗುರುತು ಹಿಡಿಯಿರಿ. ಮೊದಲು ಹಗಲಿನ ದೃಶ್ಯವೊಂದರಲ್ಲಿ ಬಿಳಿ ಪಂಚೆ ಉಟ್ಟವರು ನಿಂತಿರುವಾಗ ನಿಲ್ಲಿಸಿ. ಪಂಚೆ ಒಂದೇ ಬಿಳಿ ಕಾಗದದಂತೆ ಕಂಡರೆ ಕಾಂಟ್ರಾಸ್ಟ್ ಇಳಿಸುತ್ತಾ ಬನ್ನಿ. ನೆರಿಗೆಗಳು ಒಂದೊಂದಾಗಿ ಬಿಡಿಸಿಕೊಂಡು ಮೂಡಿದ ಕಡೆ ನಿಲ್ಲಿಸಿ. ಆಮೇಲೆ ರಾತ್ರಿಯ ದೃಶ್ಯಕ್ಕೆ ಹೋಗಿ, ನಾಯಕಿಯ ಜಡೆ ಕತ್ತಲಿನ ಎದುರು ಕಾಣುವಲ್ಲಿ ನಿಲ್ಲಿಸಿ. ಜಡೆಯೂ ಕತ್ತಲೂ ಒಂದೇ ಮುದ್ದೆಯಾಗಿದ್ದರೆ ಬ್ರೈಟ್‌ನೆಸ್ ಒಂದೊಂದೇ ಹಂತ ಏರಿಸಿ. ಜಡೆಯ ಹೆಣಿಗೆ ಕಂಡ ತಕ್ಷಣ ಸಾಕು. ಇನ್ನೂ ಏರಿಸಿದರೆ ಪಕ್ಕದ ಕಪ್ಪು ಪಟ್ಟಿಗಳೇ ಬೂದು ಬಣ್ಣಕ್ಕೆ ತಿರುಗತೊಡಗುತ್ತವೆ, ಅಲ್ಲಿಂದ ಒಂದು ಹಂತ ಹಿಂದೆ ಬನ್ನಿ. ಒಂದನ್ನು ಬದಲಿಸಿದರೆ ಇನ್ನೊಂದು ತುಸು ಅಲುಗುತ್ತದೆ, ಆದ್ದರಿಂದ ಪಂಚೆಯನ್ನು ಮತ್ತೊಮ್ಮೆ ನೋಡಿ. ಇಷ್ಟಕ್ಕೆ ಐದು ನಿಮಿಷ.

ಎಳೆದ ಪ್ರತಿಯಾಗಿದ್ದರೆ ಟಿವಿಯ ‘ಪಿಕ್ಚರ್ ಸೈಜ್’ನಲ್ಲಿ 4:3 ಆರಿಸಿ, ಕುಂಕುಮ ದುಂಡಗಾಗುತ್ತದೆ. ಕೆಲವು ಟಿವಿಗಳ ಯೂಟ್ಯೂಬ್ ಆ್ಯಪಿನಲ್ಲಿ ಈ ಆಯ್ಕೆ ಕೆಲಸ ಮಾಡುವುದಿಲ್ಲ. ಆಗ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದರೆ ಟಿವಿಯ ಆಯ್ಕೆ ಬಹುತೇಕ ಸಿಗುತ್ತದೆ. ಪ್ರೊಜೆಕ್ಟರ್ ಇದ್ದವರು ಕೆನೆ ಬಣ್ಣದ ಗೋಡೆಗೆ ಬಿಡಬೇಡಿ, ಇಡೀ ಚಿತ್ರ ಹಳದಿಯಾಗುತ್ತದೆ. ಸುಕ್ಕಿಲ್ಲದ ಬಿಳಿ ಬಟ್ಟೆ ಬಿಗಿಯಾಗಿ ಕಟ್ಟಿ. ಕೋಣೆಯ ದೊಡ್ಡ ದೀಪ ಆರಿಸಿ, ಟಿವಿಯ ಹಿಂದೆ ಒಂದು ಮಂದ ದೀಪವಿರಲಿ. ಎದುರಿನ ಕಿಟಕಿಗೆ ಪರದೆ ಹಾಕಿ. ರಾತ್ರಿಯ ದೃಶ್ಯದಲ್ಲಿ ನಿಮ್ಮ ಮನೆಯ ಕಿಟಕಿಯೇ ಟಿವಿಯಲ್ಲಿ ಕಂಡರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಧ್ವನಿ

ಚಿತ್ರ ತುಸು ಮಂಕಾದರೆ ಜನ ಸಹಿಸುತ್ತಾರೆ, ಮಾತು ತಿಳಿಯದಿದ್ದರೆ ಎದ್ದು ಹೋಗುತ್ತಾರೆ. ಆ ಚಿತ್ರಗಳ ಧ್ವನಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗಿರುತ್ತಿತ್ತು. ಅಲ್ಲಿ ಧೂಳು ಕೂತಲ್ಲಿ, ಗೀರು ಬಿದ್ದಲ್ಲಿ ಚಟಪಟ ಎನ್ನುತ್ತದೆ. ಧ್ವನಿ ಮೊನೊ, ಅಂದರೆ ಎಡ ಬಲ ಭೇದವಿಲ್ಲದ ಒಂದೇ ಧ್ವನಿ, ಅದನ್ನು ಮೊನೊ ಆಗಿಯೇ ಕೇಳಿಸಿ. ಸರೌಂಡ್ ಮತ್ತು ವರ್ಚುವಲ್ ಎಫೆಕ್ಟ್‌ಗಳನ್ನು ಆಫ್ ಮಾಡಿ, ಅವು ಮಾತನ್ನು ಬಾವಿಯೊಳಗಿಂದ ಬಂದಂತೆ ಮಾಡುತ್ತವೆ. ‘ಕ್ಲಿಯರ್ ವಾಯ್ಸ್’ ಅಥವಾ ‘ಡೈಲಾಗ್’ ಮೋಡ್ ಇದ್ದರೆ ಹಾಕಿ. ಬಾಸ್ ಏರಿಸಿದರೆ ಗುಂಯ್ ಎನ್ನುವ ಸದ್ದು ಏರುತ್ತದೆ ಅಷ್ಟೇ; ಟ್ರೆಬಲ್ ಒಂದೆರಡು ಹಂತ ಇಳಿಸಿದರೆ ಸುಸ್ಸೆನ್ನುವುದು ತಗ್ಗುತ್ತದೆ. ಹೆಡ್‌ಫೋನ್ ಹಾಕಿ ನೋಡುವಾಗ ಒಂದೇ ಕಿವಿಯಲ್ಲಿ ಕೇಳುವ ಪ್ರತಿಗಳುಂಟು. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೊನೊ ಆಡಿಯೊ’ ಹಾಕಿದರೆ ಎರಡೂ ಕಿವಿಗೆ ಬರುತ್ತದೆ.

ನಡುನಡುವೆ ಮಾತು ಹಾರಿದರೆ ಇಂಟರ್‌ನೆಟ್ಟನ್ನು ಬೈಯುವ ಮುನ್ನ ಸಮಯ ನೋಡಿ. ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ, ಎರಡು ಸಾವಿರ ಅಡಿಯದು 22. ರೀಲಿನ ಮೊದಲ ಮತ್ತು ಕೊನೆಯ ಅಡಿಗಳೇ ಪ್ರೊಜೆಕ್ಟರಿಗೆ ಸಿಕ್ಕಿಸಿ ಬಿಚ್ಚಿ ಅತಿ ಹೆಚ್ಚು ಸವೆಯುವುದು. ಹರಿದದ್ದನ್ನು ಕತ್ತರಿಸಿ ಅಂಟಿಸಿದಾಗ ಒಂದೆರಡು ಪದ ಹೋಗುತ್ತವೆ. ಪರದೆ ಮೇಲೆ ಮಳೆ ಸುರಿದಂತೆ ಗೀರು ಹೆಚ್ಚುವುದೂ ಅಲ್ಲೇ. ಬಲ ಮೇಲ್ಮೂಲೆಯಲ್ಲಿ ಕ್ಷಣಕಾಲ ಚುಕ್ಕೆಯೊಂದು ಮಿನುಗಿ ಮಾಯವಾದರೆ ಸ್ನೇಹಿತರಿಗೆ ತೋರಿಸಿ. ರೀಲು ಮುಗಿಯುತ್ತಿದೆ, ಇನ್ನೊಂದು ಯಂತ್ರ ಶುರು ಮಾಡು ಎಂದು ಪ್ರೊಜೆಕ್ಟರ್ ಆಪರೇಟರಿಗೆ ಕೊಡುತ್ತಿದ್ದ ಸಂಜ್ಞೆ ಅದು. ಒಮ್ಮೆ ತಿಳಿದವರು ಮುಂದಿನ ಚುಕ್ಕೆಗೆ ತಾವೇ ಕಾಯುತ್ತಾರೆ.

ಕನ್ನಡ ಬಾರದ ಸ್ನೇಹಿತರಿಗೆ ಸಬ್‌ಟೈಟಲ್ ಇದೆ ಎಂಬ ಗುರುತು ನೋಡಿ ನಂಬಬೇಡಿ. ಯಂತ್ರ ತಾನಾಗಿ ಬರೆದ ಸಾಲುಗಳು ಹಳೆಯ ಗ್ರಾಂಥಿಕ ಸಂಭಾಷಣೆಯಲ್ಲಿ ಪೂರ್ತಿ ಎಡವುತ್ತವೆ. ಒಂದು ಸಾಮಾನ್ಯ ಮಾತುಕತೆ, ಒಂದು ಜಗಳ, ಒಂದು ಹಾಡು, ಈ ಮೂರು ಕಡೆ ಓದಿ ನೋಡಿ.

ಕೂರುವ ಮುನ್ನ ಎರಡು ನಿಮಿಷ

ದೀರ್ಘ ಪೀಠಿಕೆ ಬೇಡ. ಯಾರು ಎಷ್ಟು ಪ್ರಶಸ್ತಿ ಪಡೆದರು ಎಂಬುದು ನೋಡುವವರ ಮೇಲೆ ಹೊರೆ ಹೇರುತ್ತದೆ. ಮೆಚ್ಚಲೇಬೇಕು ಎಂಬ ಒತ್ತಡದಲ್ಲಿ ಯಾರೂ ಮನಸ್ಸಿಟ್ಟು ನೋಡಲಾರರು. ನಟನೆಯ ಬಗ್ಗೆ ಒಂದು ಮಾತು ಮಾತ್ರ ಹೇಳಿ, ಅದೂ ಪೌರಾಣಿಕ ಚಿತ್ರವಾದರೆ. ರಾಜ್‌ಕುಮಾರ್ ಸೇರಿದಂತೆ ಆ ತಲೆಮಾರಿನ ಹಲವರು ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳಿಂದ ಬಂದವರು. ಕೊನೆಯ ಸಾಲಿನ ಬೆಂಚಿಗೆ ಮಾತು ಮುಟ್ಟಿಸಿ ಪಳಗಿದ ಕಂಠ ಅದು. ‘ಸತ್ಯ ಹರಿಶ್ಚಂದ್ರ’ದಲ್ಲಿ ಕ್ಯಾಮೆರಾ ಎಷ್ಟೋ ಹೊತ್ತು ಪ್ರೇಕ್ಷಕರ ಕುರ್ಚಿಯಲ್ಲೇ ಕೂತಂತೆ ಇರುತ್ತದೆ ಎಂದರೆ ಸಾಕು, ಸ್ನೇಹಿತರು ನಾಟಕ ನೋಡುವ ಮನಸ್ಸು ಮಾಡಿಕೊಂಡು ಕೂರುತ್ತಾರೆ.

ಸಮಯ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಒಳ್ಳೆಯದು, ರಾತ್ರಿ ಹತ್ತು ಗಂಟೆ ಕೆಟ್ಟದ್ದು. 150 ನಿಮಿಷದ ಚಿತ್ರಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ‘ವಿಶ್ರಾಂತಿ’ ಎಂಬ ಕಾರ್ಡ್ ಬಂದಲ್ಲೇ ನಿಲ್ಲಿಸಿ ಕಾಫಿ, ಚುರುಮುರಿ ಕೊಡಿ. ನಿರ್ದೇಶಕರು ಆ ಜಾಗ ಆರಿಸಿಯೇ ಕಥೆ ಕಟ್ಟಿರುತ್ತಾರೆ. ನಿಮಗೆ ತೋಚಿದಲ್ಲಿ ನಿಲ್ಲಿಸಿದರೆ ಕಟ್ಟಿದ ಬಿಗಿ ಸಡಿಲವಾಗುತ್ತದೆ. ಜಾಹೀರಾತಂತೂ ಯಾವ ಕಾರಣಕ್ಕೂ ಬರಕೂಡದು. ತಾಯಿ ಸಾಯುವ ದೃಶ್ಯಕ್ಕೂ ಮಗಳು ಅಳುವ ದೃಶ್ಯಕ್ಕೂ ನಡುವೆ ಸೋಪಿನ ಪುಡಿ ಬಂದರೆ ಮತ್ತೆ ಆ ಭಾವ ಹಿಡಿಯಲಾಗದು. ಒಂದು ತಿಂಗಳ ಮಟ್ಟಿಗಾದರೂ ಜಾಹೀರಾತಿಲ್ಲದ ಚಂದಾ ಮಾಡಿಸಿಕೊಳ್ಳಿ.

ಸ್ನೇಹಿತರು ಬೇರೆ ಊರಿನಲ್ಲೋ ಅಮೆರಿಕದಲ್ಲೋ ಇದ್ದರೆ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಂಡು ತೋರಿಸಬೇಡಿ. ಚೌಕಟ್ಟುಗಳು ಕುಂಟುತ್ತವೆ, ಬೂದು ಬಣ್ಣದ ನಯವೆಲ್ಲ ಚೌಕಳಿಯಾಗಿ ಒಡೆಯುತ್ತದೆ. ಒಂದೇ ಕೊಂಡಿಯನ್ನು ಇಬ್ಬರೂ ತಂತಮ್ಮ ಟಿವಿಯಲ್ಲಿ ತೆರೆದು, ಫೋನಿನಲ್ಲಿ ಒಂದು-ಎರಡು-ಮೂರು ಎಣಿಸಿ ಒಟ್ಟಿಗೆ ಶುರು ಮಾಡಿ. ಫೋನನ್ನು ಮ್ಯೂಟ್‌ನಲ್ಲಿಡಿ, ವಿಶ್ರಾಂತಿಯಲ್ಲಿ ಮಾತಾಡಿ.

ನೋಡುವಾಗ

ಪಕ್ಕಕ್ಕೆ ತಿರುಗಿ ಸ್ನೇಹಿತರ ಮುಖ ನೋಡಬೇಡಿ. ‘ಈಗ ಬರುತ್ತೆ ನೋಡು’ ಎನ್ನಬೇಡಿ. ಹೇಳುವುದು ಸುಲಭ, ಪಾಲಿಸುವುದು ಬಹಳ ಕಷ್ಟ.

ಹಾಡುಗಳನ್ನು ಓಡಿಸಬೇಡಿ. ಆ ಚಿತ್ರಗಳಲ್ಲಿ ಕಥೆ ಹಾಡಿನೊಳಗೇ ಮುಂದೆ ಸಾಗುತ್ತದೆ. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡನ್ನು ತಂಜಾವೂರು ಗೊಂಬೆಯ ಹಾಡೆಂದು ಓಡಿಸಿದರೆ ಇಡೀ ಚಿತ್ರದ ನಾಯಕ ಎಂಥವನು ಎಂಬುದೇ ಕೈತಪ್ಪುತ್ತದೆ. ಕಥೆಗೆ ಅಂಟದ ಹಾಸ್ಯದ ಉಪಕಥೆ ಬಂದಾಗ ಮಾತ್ರ ಸ್ನೇಹಿತರು ಬೇಸರಿಸಿದರೆ ಒಂದು ದೃಶ್ಯ ದಾಟಿಸಿದರೂ ತೊಂದರೆಯಿಲ್ಲ. ಹಾಸ್ಯನಟ ನರಸಿಂಹರಾಜು ಪರದೆಗೆ ಬಂದರೆ ಅದೂ ಬೇಡ. ಅವರ ಕಾಲು, ಕುತ್ತಿಗೆ, ಕಣ್ಣಿನ ಲೆಕ್ಕಾಚಾರಕ್ಕೆ ವಯಸ್ಸಾಗಿಲ್ಲ.

ನಗು ಬರುವ ಕಡೆ ನಗಲಿ. ಕಾರು ಓಡಿಸುವಾಗ ಹಿಂದಿನ ರಸ್ತೆ ಬೇರೆ ಲಯದಲ್ಲಿ ಕುಣಿಯುತ್ತದೆ, ಏಕೆಂದರೆ ಸ್ಟುಡಿಯೊದಲ್ಲಿ ನಿಂತ ಕಾರಿನ ಹಿಂದೆ ಪರದೆ ಕಟ್ಟಿ ಮೊದಲೇ ತೆಗೆದ ರಸ್ತೆಯನ್ನು ಬಿಡುತ್ತಿದ್ದರು. ಬೆಳದಿಂಗಳ ರಾತ್ರಿಯಲ್ಲಿ ಮರದ ನೆರಳು ಚೂಪಾಗಿ ಬಿದ್ದಿದ್ದರೆ ಅದು ಹಗಲಿನಲ್ಲಿ ಫಿಲ್ಟರ್ ಹಾಕಿ ತೆಗೆದ ರಾತ್ರಿ. ಕೇಳಿದರೆ ಹೇಳಿ, ಕೇಳದಿದ್ದರೆ ಸುಮ್ಮನಿರಿ. ಸಮರ್ಥಿಸಿಕೊಳ್ಳಲು ಹೋದರೆ ನೋಡುವುದು ನಿಂತು ವಾದ ಶುರುವಾಗುತ್ತದೆ.

ನಲವತ್ತನೇ ನಿಮಿಷಕ್ಕೂ ಹಿಡಿಸಲಿಲ್ಲವೆಂದರೆ ನಿಲ್ಲಿಸಿಬಿಡಿ. ಬಲವಂತವಾಗಿ ಮುಗಿಸಿದ ಚಿತ್ರ ಮುಂದಿನ ಐದು ಚಿತ್ರಗಳ ದಾರಿ ಮುಚ್ಚುತ್ತದೆ. ಎರಡು ವಾರ ಬಿಟ್ಟು ಬೇರೆ ಬಾಗಿಲು ತಟ್ಟಿ. ಸಿಐಡಿ 999 ಒಗ್ಗದವರಿಗೆ ‘ಬೆಳ್ಳಿ ಮೋಡ’ ಒಗ್ಗಿದ್ದುಂಟು.

ಎರಡನೆಯದು, ಮೂರನೆಯದು

ಮುಗಿದ ಕೂಡಲೇ ‘ಹೇಗಿತ್ತು?’ ಎನ್ನದೆ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ. ‘ಬೆಳ್ಳಿ ಮೋಡ’ವಾದರೆ ನಾಯಕಿ ಇಂದಿರಾ ಮಾಡಿದ್ದು ಸರಿಯೇ ಎಂದು. ಈ ಪ್ರಶ್ನೆಗೆ ಅರ್ಧ ಗಂಟೆ ಮಾತು ನಡೆದರೆ ಎರಡನೇ ಚಿತ್ರ ತಾನಾಗಿ ಗೊತ್ತಾಗುತ್ತದೆ: ಪುಟ್ಟಣ್ಣ-ಕಲ್ಪನಾ ಜೋಡಿಯ ‘ಗೆಜ್ಜೆ ಪೂಜೆ’, ಎಂ.ಕೆ. ಇಂದಿರಾ ಅವರ ಕಾದಂಬರಿ. ಬಿಗಿಯಾದ ಚಿತ್ರ, ಮನಸ್ಸು ಹಿಂಡುತ್ತದೆ, ಮರುದಿನ ರಜೆ ಇರುವಾಗ ನೋಡುವುದು ಒಳ್ಳೆಯದು. ರಾಜ್‌ಕುಮಾರ್ ಹಿಡಿಸಿದವರಿಗೆ ಅವರನ್ನು ಅತಿ ಸದ್ದಿಲ್ಲದೆ ತೋರಿಸುವ ‘ನಾಂದಿ’ (1964). ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದಲ್ಲಿ ಕಿವಿ ಕೇಳದ, ಮಾತು ಬಾರದ ಹೆಂಡತಿಯ ಕಥೆ. ಹರಿಣಿಯವರ ಕೈ ಮತ್ತು ಕಣ್ಣುಗಳನ್ನೇ ನೋಡುತ್ತಿರಿ. ಸಂಗೀತದವರಿಗೆ 1966ರ ‘ಸಂಧ್ಯಾರಾಗ’, ಅದರಲ್ಲಿ ಭೀಮಸೇನ ಜೋಶಿಯವರು ‘ನಂಬಿದೆ ನಿನ್ನ ನಾದದೇವತೆಯೆ’ ಹಾಡಿದ್ದಾರೆ.

‘ಸಂಸ್ಕಾರ’ (1970) ಮತ್ತು ‘ಚೋಮನ ದುಡಿ’ (1975), ಎರಡೂ ಆಯಾ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದವು. ಇವನ್ನು ನಾಲ್ಕನೆಯ, ಐದನೆಯ ಚಿತ್ರವಾಗಿ ಇಟ್ಟುಕೊಳ್ಳಿ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಸ್ಟ್ರೇಲಿಯಾದ ಟಾಮ್ ಕೋವನ್ ಹಿಡಿದ ಕ್ಯಾಮೆರಾ ಹಳೆಯ ಸ್ಟುಡಿಯೊ ಬೆಳಕನ್ನು ಬಿಟ್ಟು ಮಲೆನಾಡಿನ ಅಗ್ರಹಾರದ ಬಿಸಿಲಿಗೆ ಇಳಿಯುತ್ತದೆ. ಹಿಂದೆ ಮೂರು ಸ್ಟುಡಿಯೊ ಚಿತ್ರ ನೋಡಿದ್ದವರಿಗೆ ಆ ವ್ಯತ್ಯಾಸ ಮೊದಲ ದೃಶ್ಯದಲ್ಲೇ ಚರ್ಮಕ್ಕೆ ತಗಲುತ್ತದೆ, ನೇರವಾಗಿ ಬಂದವರಿಗೆ ತಗಲುವುದಿಲ್ಲ. ಹೆಣ ಮನೆಯಲ್ಲಿ ಇರುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ, ಇಲಿಗಳು ಸಾಯುತ್ತವೆ, ಹದ್ದುಗಳು ಬಂದು ಕೂರುತ್ತವೆ. ಅಂದು ಊಟ ಮುಗಿಸಿಯೇ ಕೂರಿ, ನಡುವೆ ತಿಂಡಿ ಇಡಬೇಡಿ.

‘ಚೋಮನ ದುಡಿ’ಗೆ ಬೇರೊಂದು ತಯಾರಿ ಬೇಕು. ಎಂ.ವಿ. ವಾಸುದೇವರಾಯರ ಚೋಮ ತನ್ನ ಸಿಟ್ಟು, ಸಾಲ, ಮಕ್ಕಳ ಸಾವು ಎಲ್ಲವನ್ನೂ ಮಾತಿನಲ್ಲಿ ಹೇಳಿಕೊಳ್ಳುವುದು ಕಡಿಮೆ, ದುಡಿಯಲ್ಲಿ ಬಾರಿಸುವುದು ಹೆಚ್ಚು. ತೆಳು ಟಿವಿಯ ಹಿಂಬದಿಯ ಸ್ಪೀಕರ್‌ನಲ್ಲಿ ಆ ದುಡಿ ತಗಡು ಬಡಿದಂತೆ ಕೇಳುತ್ತದೆ. ಬಾಸ್ ಗುಂಡಿ ಮುಟ್ಟುವುದು ಬೇಡ. ಯಾರ ಮನೆಯಿಂದಲಾದರೂ ದೊಡ್ಡ ಸ್ಪೀಕರೊಂದನ್ನು ತಂದು ಟಿವಿಯ ಕೆಳಗೆ, ನೆಲದಿಂದ ತುಸು ಎತ್ತರದಲ್ಲಿ ಇಟ್ಟು ಜೋಡಿಸಿ. ಮೊದಲ ಬಾರಿಗೆ ದುಡಿ ಕೇಳುವ ದೃಶ್ಯವನ್ನು ಹಿಂದಿನ ದಿನವೇ ಹಾಕಿ, ಪಕ್ಕದ ಮನೆಯವರು ಬಾಗಿಲು ತಟ್ಟದಷ್ಟು ದನಿ ಎಷ್ಟು ಎಂದು ಗುರುತು ಮಾಡಿಕೊಂಡಿರಿ.